ಚನಮಲ್ಲಪ್ಪ ಕಾಕಾನ ಕೊನೆಯ ರಾಜೀನಾಮೆ

ನಮ್ಮ ಆಫೀಸಿನಲ್ಲಿ ರಾಜೀನಾಮೆ ಕೊಡುವ ಹಕ್ಕು ಇದ್ದದ್ದು ಒಬ್ಬರಿಗೇ, ಚನಮಲ್ಲಪ್ಪ ಕಾಕಾನಿಗೆ. ಉಳಿದವರು ನಾವೆಲ್ಲ ಬರೀ ದುಡಿಯುವವರು. ನಾನೇನಾದರೂ ಸಿಟ್ಟಿನಲ್ಲಿ ‘ಬಿಟ್ಟು ಹೋಗತೇನಿ’ ಎಂದರೆ, ಹೋಗುವಾಗ ಫ್ಯಾನ್ ಬಂದ್ ಮಾಡಿ ಹೋಗವಾ ಅನ್ನುತ್ತಿದ್ದರು. ಅದೇ ಮಾತನ್ನು ಕಾಕಾ ಅಂದರೆ ಇಡೀ ಆಫೀಸು ಎದ್ದು ನಿಲ್ಲುತ್ತಿತ್ತು.

ಆಫೀಸು ಎಂದರೆ ಲೋಕಾಪುರದ ಬಸ್ ನಿಲ್ದಾಣ ದಾಟಿದ ಮೇಲೆ ಸಿಗುವ ಲಾರಿ ಆಫೀಸು. ಮುಂದೆ ದೊಡ್ಡ ಅಂಗಳ, ಹಿಂದೆ ಎರಡು ಕೋಣೆ. ಬನಹಟ್ಟಿಯ ಸೀರೆ ಗಂಟು, ಬೀಳಗಿ ಕಡೆಯ ಉಳ್ಳಾಗಡ್ಡಿ, ಮುಧೋಳದ ಬೆಲ್ಲ, ಜಮಖಂಡಿಯ ಒಣದ್ರಾಕ್ಷಿ ಎಲ್ಲ ನಮ್ಮ ಗಾಡಿಗಳ ಮೇಲೇ ಊರು ಬಿಡುತ್ತವೆ. ಯಾವ ಡ್ರೈವರನನ್ನು ಯಾವ ಗಾಡಿಗೆ ಹಚ್ಚಬೇಕು, ಯಾವ ಗಾಡಿ ಯಾವ ಊರಿಗೆ ಹೋಗಬೇಕು ಎಂದು ನೋಡುವುದು ಕಾಕಾನ ಕೆಲಸ. ಬಿಲ್ಲು ಮಾಡುವುದು ನನ್ನದು. ನನ್ನ ಹೆಸರು ಗಂಗಾಂಬಿಕಾ. ದಿನಾ ಮುಧೋಳದಿಂದ ಬಸ್ಸಿಗೆ ಬರುತ್ತೇನೆ. ಅರ್ಧ ಸಿಟ್ಟು ಬಸ್ಸಿನಲ್ಲೇ ಖರ್ಚಾಗಿರುತ್ತದೆ, ಉಳಿದರ್ಧವನ್ನು ಆಫೀಸಿಗೆ ತರುತ್ತೇನೆ. ಮಾಲೀಕರು ಶಿದ್ರಾಮಪ್ಪ ಸಾವಕಾರ್ರು. ಅವರು ಮಾತು ಕಡಿಮೆ ಆಡುವ ಮನುಷ್ಯ, ಆದರೆ ಮುಖ ಊದಿಸಿಕೊಂಡರೆ ವಾರಗಟ್ಟಲೆ ಇಳಿಯುವುದಿಲ್ಲ.

ಕಾಕಾ ಮೂಲತಃ ಗಲಗಲಿಯವರು. ಹುಡುಗರಾಗಿದ್ದಾಗ ಹೊಳೆಯ ಆಚೆ ದಂಡೆಯವರನ್ನು ಈಚೆಯಿಂದಲೇ ಕೂಗಿ ಮಾತಾಡಿಸಿ ರೂಢಿಯಂತೆ. ಅದಕ್ಕೇ ಇರಬೇಕು, ಫೋನಿನಲ್ಲಿಯೂ ನಡುವೆ ಕೃಷ್ಣಾ ಹರಿಯುತ್ತಿದ್ದಾಳೆ ಎಂಬಂತೆ ಕೂಗುತ್ತಾರೆ. ಹರೆಯದಲ್ಲಿ ಲಾರಿ ಹೊಡೆದರು. ಕಣ್ಣು ಮಂಜಾದ ಮೇಲೆ ಈಗಿನ ಸಾವಕಾರ್ರ ತಂದೆ ಅವರನ್ನು ಕರೆದು ಆಫೀಸಿನಲ್ಲಿ ಕೂಡಿಸಿದರು. ಅಂದಿನಿಂದ ಆ ಟೇಬಲ್ಲು, ಆ ಫೋನು, ಆ ಡ್ರೈವರುಗಳು ಕಾಕಾನ ಸ್ವಂತ ಆಸ್ತಿ. ರಜೆ ತೆಗೆದುಕೊಳ್ಳುವುದು ಅವರಿಗೆ ಗೊತ್ತಿಲ್ಲ. ಮಗಳ ಲಗ್ನದ ಅಕ್ಕಿಕಾಳು ಬಿದ್ದ ಮೇಲೆ ಮಧ್ಯಾಹ್ನ ಆಫೀಸಿಗೆ ಬಂದು, ಬೀಳಗಿ ಗಾಡಿ ಹೊಂಟಿತೋ ಇಲ್ಲವೋ ಎಂದು ಕೇಳಿ ಹೋದ ಮನುಷ್ಯ.

ಇಂಥವರು ವರ್ಷಕ್ಕೊಮ್ಮೆ ಕೆಲಸ ಬಿಡುತ್ತಿದ್ದರು. ಕಾರಣ ಏನಾದರೂ ಆದೀತು. ತಮಗಿಂತ ಮೊದಲು ಬೇರೆಯವರಿಗೆ ಚಹಾ ಹೋಯಿತು, ಸಾವಕಾರ್ರು ಒಂದು ಗಾಡಿಯನ್ನು ಕೇಳದೇ ಕಳಿಸಿದರು, ಯಾರೋ ಡ್ರೈವರ್ ಜೋರು ಮಾತಾಡಿದ. ‘ಹೆಸರ ತಗದಬಿಡ್ರಿ, ನಾಳಿಂದ ನಾ ಬರಾಂಗಿಲ್ಲ’ ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು. ಮರುದಿನ ನಾನು ಮತ್ತು ಹಿರೇ ಡ್ರೈವರ್ ಹುಲೆಪ್ಪ ಅವರ ಮನೆಗೆ ಹೋಗಬೇಕು. ಹೋಗಿ ‘ಸಾವಕಾರ್ರು ಕರಕೊಂಡ ಬಾ ಅಂದಾರ್ರಿ’ ಎನ್ನಬೇಕು. ಒಂದು ಸಲ ಅಂದರೆ ಅವರಿಗೆ ಕೇಳಿಸುವುದೇ ಇಲ್ಲ. ಇನ್ನೊಂದು ಸಲ ಅಂದರೆ ಗೋಡೆಯ ಕಡೆ ಹೊರಳುತ್ತಾರೆ. ಅಷ್ಟರಲ್ಲಿ ಅವರ ಹೆಂಡತಿ ಹಾಲವ್ವ ಚಿಗವ್ವ ಸೂಸಲದ ತಟ್ಟೆ ತಂದಿಡುತ್ತಾಳೆ. ನಾವು ಬರುತ್ತೇವೆಂದು ಮುಂಜಾನೆಯೇ ಚುರುಮುರಿ ನೆನೆಹಾಕಿರುತ್ತಾಳೆ, ಪುಣ್ಯಾತಗಿತ್ತಿ. ನಾವು ತಿಂದು, ಕೈ ತೊಳೆದು, ಮತ್ತೊಮ್ಮೆ ಕರೆದಾಗ ಕಾಕಾ ನಿಟ್ಟುಸಿರು ಬಿಟ್ಟು, ‘ನಿಮ್ಮ ಮಾರಿ ನೋಡಿ ಬರ್ತೇನಿ, ಇಲ್ಲಂದ್ರ ಬರೂ ಮನಶ್ಯಾ ಅಲ್ಲ ನಾ’ ಎಂದು ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದರು. ಇದು ನಮ್ಮಲ್ಲಿ ದೀಪಾವಳಿಯಷ್ಟೇ ನಿಯಮಿತವಾಗಿ ನಡೆಯುತ್ತಿತ್ತು. ನನಗಂತೂ ಆ ಸೂಸಲ ಬಹಳ ಸೇರುತ್ತಿತ್ತು.

ಹೋದ ವರ್ಷ ಸಾವಕಾರ್ರ ಮಗಳು ಪ್ರೀತಿ ಬೆಳಗಾವಿಯಲ್ಲಿ ಓದು ಮುಗಿಸಿ ಬಂದು ಆಫೀಸಿನ ಲೆಕ್ಕಪತ್ರ ನೋಡತೊಡಗಿದಳು. ಒಳ್ಳೆಯ ಹುಡುಗಿ, ಬಂದವಳೇ ಕಿಟಕಿ ತೊಳೆಸಿದಳು. ಆಮೇಲೆ ಒಂದು ಎಐ ಸಹಾಯಕಿಯನ್ನು ತಂದಳು. ಸಹಾಯಕಿ ಎಂದರೆ ಟೇಬಲ್ ಮೇಲೆ ಒಂದು ಸಣ್ಣ ಸ್ಪೀಕರ್, ಅದಕ್ಕೆ ಜೋಡಿಸಿದ ಕಂಪ್ಯೂಟರು, ಅದರೊಳಗಿಂದ ಒಂದು ಹೆಣ್ಣು ದನಿ. ಫೋನ್ ಎತ್ತುತ್ತದೆ, ಪತ್ರ ಬರೆಯುತ್ತದೆ, ಗಾಡಿಗಳಿಗೆ ಹಚ್ಚಿದ ಕ್ಯಾಮೆರಾದಿಂದ ಪ್ರತಿ ಗಾಡಿ ಎಲ್ಲಿದೆ, ಡ್ರೈವರ್ ಏನು ಮಾಡುತ್ತಿದ್ದಾನೆ ಎಂದು ನೋಡುತ್ತದೆ, ನಮ್ಮೆಲ್ಲರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅದರ ಕನ್ನಡವೋ ಅಚ್ಚು ಪುಸ್ತಕದ ಕನ್ನಡ. ಮೊದಲನೆಯ ದಿನವೇ ಹುಲೆಪ್ಪನ ಮೊಬೈಲಿನಲ್ಲಿ, ‘ಗೌರವಾನ್ವಿತ ಹುಲೆಪ್ಪನವರೇ, ತಾವು ಸೀಟ್ ಬೆಲ್ಟ್ ಧರಿಸಿಲ್ಲ’ ಎಂದಿತು. ಹುಲೆಪ್ಪನನ್ನು ಅವನ ಜನ್ಮದಲ್ಲಿ ಯಾರೂ ಗೌರವಾನ್ವಿತ ಎಂದಿರಲಿಲ್ಲ. ಅವನು ಗಾಡಿಯಿಂದ ಇಳಿದು ಬಂದು ಸ್ಪೀಕರಿಗೆ ಕೈ ಮುಗಿದ. ಅಂದಿನಿಂದ ನಮಗೆಲ್ಲ ಅದು ಸಾಲಿ ಅಕ್ಕೋರು. ಮಾಸ್ತರಣಿಯ ಮುಂದೆ ಇದ್ದ ಹಾಗೆ ಎಲ್ಲರೂ ನೆಟ್ಟಗೆ ಕೂಡತೊಡಗಿದೆವು.

ಕಾಕಾ ಮಾತ್ರ ಅಕ್ಕೋರನ್ನು ಮಾತಾಡಿಸಲಿಲ್ಲ. ಅದಕ್ಕೂ ಒಂದು ಕಾರಣ ಇತ್ತು. ಅಕ್ಕೋರು ಬಂದ ದಿನ ಹೊಸಬರು ಎಂದು ಕಾಕಾ ದೊಡ್ಡ ಮನಸ್ಸು ಮಾಡಿ, ‘ಚಾ ತಗೋತೀರೇನ್ರಿ’ ಎಂದು ಕೇಳಿದ್ದರು.

‘ಧನ್ಯವಾದಗಳು. ನಾನು ಚಹಾ ಕುಡಿಯುವುದಿಲ್ಲ’ ಎಂದರು ಅಕ್ಕೋರು.

‘ಅರ್ಧಾ ಕಪ್ಪರ ತಗೋರಿ.’

‘ಬೇಡ. ದಯವಿಟ್ಟು ಒತ್ತಾಯಿಸಬೇಡಿ.’

ಕಾಕಾ ಗಾಬರಿಯಾಗಿ ನನ್ನ ಮುಖ ನೋಡಿದರು. ನಮ್ಮ ಕಡೆ ಒತ್ತಾಯ ಮಾಡಬೇಡಿ ಎಂದು ಯಾರಾದರೂ ಹೇಳುವುದುಂಟೇ? ಒತ್ತಾಯ ಮಾಡುವುದು ಮನೆಯವರ ಕೆಲಸ, ಒಲ್ಲೆ ಎನ್ನುವುದು ಬಂದವರ ಕೆಲಸ, ಕೊನೆಗೆ ಕುಡಿಯುವುದು ಇಬ್ಬರ ಮರ್ಯಾದೆ. ‘ಮಂದ್ಯಾಗ ಬೆಳದಿಲ್ಲ ಇದು’ ಎಂದು ಕಾಕಾ ಆ ಕಪ್ಪನ್ನೂ ತಾವೇ ಕುಡಿದರು.

ಕೆಲವು ತಿಂಗಳು ಹೀಗೇ ನಡೆಯಿತು. ಅಕ್ಕೋರು ತಮ್ಮ ಕೆಲಸ ತಾವು ಮಾಡುತ್ತಿದ್ದರು, ಕಾಕಾ ತಮ್ಮದು. ಒಂದು ದಿನ ಮಧ್ಯಾಹ್ನ ಬನಹಟ್ಟಿಯಿಂದ ಶಶಿಕಾಂತನ ಫೋನ್ ಬಂತು. ಅವನು ನೇಕಾರಿಕೆಯ ಮಗ್ಗಗಳ ಮಾಲೀಕ, ನಮ್ಮ ಹಳೇ ಗಿರಾಕಿ. ಸೀರೆ ಗಂಟು ಕಟ್ಟಿಕೊಂಡು ಲಾರಿಯ ದಾರಿ ಕಾಯುತ್ತಿದ್ದ. ‘ಗಾಡಿ ಎಲ್ಲೈತ್ರಿ ಕಾಕಾ?’ ಎಂದ.

‘ಹೊಂಟೈತಿ ಶಶಿಕಾಂತಣ್ಣ. ಮುಧೋಳ ದಾಟೈತಿ’ ಎಂದು ಕಾಕಾ ಕೂಗಿದರು.

ಗಾಡಿ ನಮ್ಮ ಅಂಗಳದಲ್ಲೇ ಇತ್ತು. ಹುಲೆಪ್ಪ ಅದರ ನೆರಳಿಗೆ ಕೂತು ರೊಟ್ಟಿ ಉಣ್ಣುತ್ತಿದ್ದ. ಇದರಲ್ಲಿ ಹೊಸದೇನೂ ಇಲ್ಲ. ಲಾರಿ ಆಫೀಸುಗಳು ಹುಟ್ಟಿದಂದಿನಿಂದ ಗಾಡಿಗಳು ಹೀಗೆಯೇ ಮುಧೋಳ ದಾಟುತ್ತ ಬಂದಿವೆ. ಆದರೆ ಫೋನುಗಳೆಲ್ಲ ಈಗ ಅಕ್ಕೋರ ಮೂಲಕವೇ ಹೋಗುತ್ತಿದ್ದವು. ಅಕ್ಕೋರು ನಡುವೆ ಬಾಯಿ ಹಾಕಿದರು.

‘ಕ್ಷಮಿಸಿ. ಒಂದು ತಿದ್ದುಪಡಿ. ಗಾಡಿಯು ಇನ್ನೂ ಲೋಕಾಪುರದ ನಮ್ಮ ಅಂಗಳದಲ್ಲಿದೆ. ಚಾಲಕರು ಊಟ ಮಾಡುತ್ತಿದ್ದಾರೆ. ನಿಮಗೆ ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.’

ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಅಂಗಳದಲ್ಲಿ ಹುಲೆಪ್ಪ ತುತ್ತನ್ನು ಬಾಯಿಯಲ್ಲೇ ಹಿಡಿದು ಕೂತ. ಫೋನಿನ ಆ ಕಡೆ ಶಶಿಕಾಂತ ಮಾತ್ರ ಗಹಗಹಿಸಿ ನಕ್ಕ. ‘ಗೊತ್ತೈತಿ ಬಿಡ್ರಿ. ಕಾಕಾ ಹೊಂಟೈತಿ ಅಂದ್ರ ಡ್ರೈವರ್ ಉಣ್ಣಾಕ ಕುಂತಾನ ಅಂತ ನಾ ಹಿಡದಿರ್ತೇನಿ. ಸಾವಕಾಶ ಉಂಡ ಬರ್ಲಿ’ ಎಂದು ಫೋನ್ ಇಟ್ಟ.

ಕಾಕಾ ನಗಲಿಲ್ಲ. ಮುಖ ಕಪ್ಪಿಟ್ಟಿತ್ತು. ಎದ್ದು ನಿಂತು ನಮ್ಮನ್ನೆಲ್ಲ ನೋಡಿ ಹೇಳಿದರು: ‘ನಾಕ ಮಂದಿ ಮುಂದ ಸುಳ್ಳ ಹೇಳಾಂವ ಅನಿಸಿಕೊಂಡ ಮ್ಯಾಲೆ ಈ ಜಾಗಾ ನನಗ ಬ್ಯಾಡ. ಹೆಸರ ತಗದಬಿಡ್ರಿ. ನಾಳಿಂದ ನಾ ಬರಾಂಗಿಲ್ಲ.’

ಖರೆ ಹೇಳಬೇಕೆಂದರೆ ನಮಗೆ ಜೀವ ಬಂದ ಹಾಗಾಯಿತು. ಇದು ನಮಗೆ ಗೊತ್ತಿದ್ದ ದಾರಿ. ನಾಳೆ ಹೋಗುವುದು, ಕರೆಯುವುದು, ಸೂಸಲ ತಿನ್ನುವುದು. ನಾನು ಮನಸ್ಸಿನಲ್ಲೇ ನಾಳಿನ ಮಧ್ಯಾಹ್ನದ ಬುತ್ತಿ ಬೇಡ ಎಂದು ಲೆಕ್ಕ ಹಾಕಿದೆ. ಆಗ ಅಕ್ಕೋರ ದನಿ ಬಂತು.

‘ಚನಮಲ್ಲಪ್ಪನವರೇ, ತಾವು ಕೆಲಸವನ್ನು ಬಿಡಲು ಬಯಸುತ್ತೀರಿ ಎಂದು ತಿಳಿಯಲೇ?’

ಕಾಕಾ ಅಷ್ಟು ತಿಂಗಳಲ್ಲಿ ಎರಡನೆಯ ಸಲ ಅದರ ಜೊತೆ ಮಾತಾಡಿದರು. ‘ಹೂಂ, ತಿಳ್ಕೋ. ಬರಕೋ ಬೇಕಾರ.’

‘ಇದು ತಮ್ಮ ಅಂತಿಮ ನಿರ್ಧಾರವೇ?’

ಇಂಥ ಪ್ರಶ್ನೆಯನ್ನು ಕಾಕಾನಿಗೆ ಯಾರೂ ಕೇಳಿರಲಿಲ್ಲ. ಕೇಳಬಾರದ ಪ್ರಶ್ನೆ ಅದು. ನಾನು ಬೇಡ ಬೇಡ ಎಂದು ಕೈ ಅಲ್ಲಾಡಿಸಿದೆ. ಕ್ಯಾಮೆರಾ ಇದ್ದದ್ದು ಗಾಡಿಗಳಲ್ಲಿ, ಟೇಬಲ್ ಮೇಲಿನ ಸ್ಪೀಕರಿಗೆ ಕಣ್ಣೆಲ್ಲಿಯದು. ಕಾಕಾ ಬಾಗಿಲ ಹತ್ತಿರ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಅಂಗಳದಲ್ಲಿ ಡ್ರೈವರುಗಳು ಕಿವಿಗೊಟ್ಟು ಕೇಳುತ್ತಿದ್ದರು. ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? ‘ಅಂತಿಮ ಅಂದ್ರ ಅಂತಿಮ’ ಎಂದುಬಿಟ್ಟರು.

‘ತಮ್ಮ ನಿರ್ಧಾರವನ್ನು ಗೌರವಿಸುತ್ತೇನೆ. ಮಾಲೀಕರಿಗೆ ತಿಳಿಸಿದ್ದೇನೆ. ಇಷ್ಟು ವರ್ಷಗಳ ತಮ್ಮ ಸೇವೆಗೆ ಕೃತಜ್ಞತೆಗಳು.’

ಟಿಂಗ್ ಎಂದು ಒಂದು ಸಪ್ಪಳವಾಯಿತು. ಅಷ್ಟೇ. ಒಬ್ಬ ಮನುಷ್ಯನ ಅರ್ಧ ಆಯುಷ್ಯದ ಕೆಲಸ ಚಹಾ ಬಸಿಯುವಷ್ಟರಲ್ಲಿ ಹೋಯಿತು. ಕಾಕಾ ಇನ್ನೊಂದು ಚಪ್ಪಲಿಯನ್ನು ಬಹಳ ಹೊತ್ತು ಮೆಟ್ಟುತ್ತಿದ್ದರು. ಪ್ರತಿ ಸಲ ಆ ಹೊತ್ತಿನಲ್ಲಿ ನಾವು ಯಾರಾದರೂ ಕೈ ಹಿಡಿಯುವುದು ರೂಢಿ. ಆದರೆ ನಾವೆಲ್ಲ ಆ ಸ್ಪೀಕರನ್ನೇ ನೋಡುತ್ತ ಕಲ್ಲಾಗಿ ಕೂತಿದ್ದೆವು. ಕಾಕಾ ಹೊರಟು ಹೋದರು.

ಮರುದಿನ ಮುಂಜಾನೆ ನಾನು ಹುಲೆಪ್ಪನನ್ನು ಕರೆದುಕೊಂಡು ಸಾವಕಾರ್ರ ಮುಂದೆ ನಿಂತೆ. ಕರೆಯಲು ಹೋಗಬೇಕಾದರೆ ಅವರ ಮಾತು ಬೇಕು. ಅವರು ಕರೆದಿದ್ದಾರೆ ಎನ್ನದೇ ಕಾಕಾ ಗೋಡೆಯಿಂದ ಹೊರಳುವವರಲ್ಲ. ಸಾವಕಾರ್ರು ಮೊಬೈಲನ್ನು ನನ್ನ ಮುಂದೆ ಹಿಡಿದರು. ಅವರು ಹಿಂದಿನ ದಿನ ಜಮಖಂಡಿಗೆ ಬೀಗರ ಮನೆಯ ನಿಶ್ಚಯಕ್ಕೆ ಹೋಗಿದ್ದಾಗ ಬಂದ ಸಂದೇಶ. ‘ಶ್ರೀ ಚನಮಲ್ಲಪ್ಪನವರು ತಮ್ಮ ಸ್ವಇಚ್ಛೆಯಿಂದ ಸೇವೆಯಿಂದ ನಿರ್ಗಮಿಸಲು ನಿರ್ಧರಿಸಿರುತ್ತಾರೆ. ತಾವು ನೀಡಿದ ಸಹಕಾರಕ್ಕೆ ಅವರು ಚಿರಋಣಿಯಾಗಿರುತ್ತಾರೆ’ ಎಂದಿತ್ತು.

‘ಬೀಗರ ನಡುವ ಕುಂತ ಓದೇನಿ ಇದನ್ನ’ ಎಂದರು ಸಾವಕಾರ್ರು. ‘ಇಷ್ಟ ವರ್ಷ ನನ್ನ ಮಾರಿಗೆ ಬೈದ ಹೋಗ್ತಿದ್ದ, ನಾ ಏನರ ಅಂದೇನೇನ? ಈ ಸಲ ಪತ್ರಾ ಕಳಿಸ್ಯಾನ. ಚಿರಋಣಿ ಅಂತ. ಹೊರಗಿನವ್ರಿಗೆ ಬರದಂಗ.’

‘ಅದನ್ನ ಅವ್ರು ಬರದಿಲ್ಲರಿ. ಅಕ್ಕೋರು ಬರದಾರ.’

‘ಬರೀ ಅಂತ ಯಾರ ಹೇಳಿದ್ರು?’

ಬರಕೋ ಎಂದು ಕಾಕಾ ಅಂದದ್ದು ಖರೆಯೇ ಇತ್ತು.

‘ಅವಗ ಬೇಕಂದ್ರ ಅಂವನ ಬರ್ತಾನ. ನಾ ಕರಿಯಾಂಗಿಲ್ಲ’ ಎಂದು ಸಾವಕಾರ್ರು ಮುಖ ಊದಿಸಿಕೊಂಡು ಒಳಗೆ ಹೋದರು. ಸಿಟ್ಟಾಗಿ ಕೂಡುವವರು ಒಬ್ಬರಾದರೆ ಕರೆಯಬಹುದು, ಇಬ್ಬರೂ ಕೂತರೆ ಯಾರು ಯಾರನ್ನು ಕರೆಯಬೇಕು?

ನಾನು ಅಕ್ಕೋರ ಮುಂದೆಯೇ ಹೋಗಿ ಕೂತೆ. ನಮ್ಮ ರೂಢಿಯನ್ನೆಲ್ಲ ಬಿಡಿಸಿ ಹೇಳಿದೆ. ಕಾಕಾ ವರ್ಷಕ್ಕೊಮ್ಮೆ ಹೀಗೆ ಹೋಗುತ್ತಾರೆ, ನಾವು ಹೋಗಿ ಕರೆತರುತ್ತೇವೆ, ಅವರಿಗೆ ಈ ಆಫೀಸು ಬಿಟ್ಟರೆ ಉಸಿರಿಲ್ಲ, ಆ ರಾಜೀನಾಮೆ ತೆಗೆದು ಒಗಿ ಎಂದೆ.

‘ತಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ಗಂಗಾಂಬಿಕಾ ಅವರೇ’ ಎಂದರು ಅಕ್ಕೋರು. ‘ಆದರೆ ರಾಜೀನಾಮೆ ಅವರದು. ಅದನ್ನು ಹಿಂಪಡೆಯಬೇಕು ಎಂದು ಅವರೇ ಹೇಳಬೇಕು. ಒಂದು ಮಾತು ಹೇಳಿದರೆ ಸಾಕು, ಮಾಲೀಕರ ಒಪ್ಪಿಗೆ ಕೇಳುತ್ತೇನೆ.’

ಒಂದು ಮಾತು. ಅದೇ ಒಂದು ಮಾತು ಕಾಕಾನ ಬಾಯಿಂದ ಬರುವುದಿಲ್ಲ ಎಂಬುದಕ್ಕಾಗಿಯೇ ನಾವು ಇಷ್ಟು ವರ್ಷ ಅವರ ಮನೆಗೆ ನಡೆದಾಡಿದ್ದು. ಅವರು ಯಾರ ಮುಂದೆಯೂ ನನಗೆ ಇದು ಬೇಕು ಎಂದವರಲ್ಲ. ಉಪವಾಸ ಕೂತರೂ ಬಡಿಸು ಎನ್ನದ ಜಾತಿ. ಆದರೂ ನಾನು ಮನೆಗೆ ಫೋನ್ ಹಚ್ಚಿದೆ. ಹಾಲವ್ವ ಚಿಗವ್ವ ಎತ್ತಿದಳು.

‘ಚಿಗವ್ವಾ, ಕಾಕಾಗ ಹೇಳ. ಬಂದ ಒಂದ ಮಾತ ಹೇಳಿಬಿಡಲಿ, ನಾ ಇರ್ತೇನಿ ಅಂತ.’

‘ಅವರ ಬಾಯಾಗ ಆ ಮಾತ ಬರತೈತೇನವಾ?’ ಎಂದಳು. ಅವಳ ದನಿ ಇಳಿದಿತ್ತು. ‘ಮುಂಜಾನಿಂದ ಅಂಗಿ ಹಾಕ್ಕೊಂಡ ಬಾಗಲಾ ನೋಡ್ಕೋತ ಕುಂತಾರ. ಚುರುಮುರಿ ನೆನದು ಹಿಟ್ಟಾಗ್ಯಾವ. ನೀವು ಯಾಕ ಬರಲಿಲ್ಲ? ಮನ್ಯಾಗ ಕುಂತರ ಈ ಮನಶ್ಯಾ ಉಳ್ಯೂದಿಲ್ಲ ಗಂಗವ್ವಾ.’

ಏನೋ ಸುಳ್ಳು ಹೇಳಿ ಫೋನ್ ಇಟ್ಟೆ.

ಇಷ್ಟರಲ್ಲಿ ಪ್ರೀತಿ ಒಳ್ಳೆಯದು ಮಾಡಲು ಹೊರಟಳು. ಅಷ್ಟು ಹಿರಿಯರು ಸುಮ್ಮನೆ ಹೋಗಬಾರದು ಎಂದು ಅವಳಿಗೆ ಅನ್ನಿಸಿತು. ಅಕ್ಕೋರಿಗೆ ಹೇಳಿದಳು. ಅಕ್ಕೋರು ಕೂಡಲೇ ಶಾಲು, ಮಾಲೆ, ಪೇಟಾ, ಮೈಕು, ಉಪ್ಪಿಟ್ಟು-ಶಿರಾ ಎಲ್ಲವನ್ನೂ ಗೊತ್ತು ಮಾಡಿದರು. ಎಲ್ಲ ಡ್ರೈವರುಗಳಿಗೂ ಸಂದೇಶ ಹೋಯಿತು. ಮುಧೋಳದಲ್ಲಿ ಒಂದು ಬ್ಯಾನರ್ ಅಚ್ಚಾಗಿ ಬಂತು. ಅದರಲ್ಲಿ ಕಾಕಾನ ಫೋಟೋ, ಕೆಳಗೆ ‘ಸನ್ಮಾನ ಸಮಾರಂಭ’ ಎಂಬ ಅಕ್ಷರ. ಕಾಕಾನಿಗೂ ಅಕ್ಕೋರೇ ಫೋನ್ ಮಾಡಿದರು. ‘ತಮ್ಮನ್ನು ಗೌರವಿಸಲು ನಾಲ್ಕೂ ಕಡೆಯಿಂದ ಎಲ್ಲರೂ ಸೇರುತ್ತಿದ್ದಾರೆ, ದಯವಿಟ್ಟು ಆಗಮಿಸಬೇಕು’ ಎಂದರಂತೆ.

ನಾನು ಪ್ರೀತಿಯ ಮೇಲೆ ಹರಿಹಾಯ್ದೆ. ‘ಹೋಗಾಕ ಮನಸ್ಸಿಲ್ಲದಾಂವಗ ಮಾಲಿ ಹಾಕಿ ಕಳಸ್ತಿಯೇನ?’ ಎಂದೆ. ಅವಳು ಕಣ್ಣರಳಿಸಿ, ‘ಅಂತಿಮ ಅಂದಾರಲ್ಲ ಅಕ್ಕಾ. ಮತ್ತ ಅಪ್ಪಾನೂ ಏನೂ ಅನ್ನಲಿಲ್ಲ’ ಎಂದಳು. ಅವಳದೂ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಸಮಾರಂಭದ ದಿನ ಅಂಗಳವನ್ನು ಗುಡಿಸಿ ನೀರು ಹೊಡೆದಿದ್ದರು. ಲಾರಿಗಳನ್ನು ಸುತ್ತ ನಿಲ್ಲಿಸಿ ನಡುವೆ ಕುರ್ಚಿ ಹಾಕಿದ್ದರು. ಬೀಳಗಿ, ಜಮಖಂಡಿ, ರಬಕವಿ ಕಡೆಯ ಡ್ರೈವರುಗಳು ಮಡಿ ಅಂಗಿ ತೊಟ್ಟು ಬಂದಿದ್ದರು, ಅವರನ್ನು ಮಡಿ ಅಂಗಿಯಲ್ಲಿ ನೋಡಿ ನನಗೆ ಗುರುತೇ ಹತ್ತಲಿಲ್ಲ. ಬನಹಟ್ಟಿಯಿಂದ ಶಶಿಕಾಂತನೂ ಬಂದಿದ್ದ. ಸಾವಕಾರ್ರು ಮೊದಲ ಸಾಲಿನಲ್ಲಿ ಗಾಡಿಯ ಟೈರು ನೋಡುತ್ತ ಕೂತಿದ್ದರು. ಕಾಕಾ ಹಾಲವ್ವ ಚಿಗವ್ವನ ಜೊತೆ ಬಂದರು. ಹೊಸ ಅಂಗಿ, ಹಣೆಗೆ ವಿಭೂತಿ. ಮುಖ ಗಂಭೀರ ಮಾಡಿಕೊಂಡಿದ್ದರೂ ಕಣ್ಣಿನಲ್ಲಿ ನಗು ತಡೆಯುತ್ತಿರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, ‘ಈ ಸಲ ಭಾಳ ದೊಡ್ಡದ ಮಾಡೀರಿ. ಇಬ್ಬರ ಬಂದ ಕರದಿದ್ರ ಸಾಕಿತ್ತ’ ಎಂದರು.

ಅವರು ಇದನ್ನು ಕರೆಯುವ ಕಾರ್ಯಕ್ರಮ ಎಂದೇ ತಿಳಿದಿದ್ದರು. ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಪ್ರೀತಿ ಅವರ ಕೈ ಹಿಡಿದು ಕರೆದುಕೊಂಡು ಹೋಗಿ ನಡುವಿನ ಕುರ್ಚಿಯಲ್ಲಿ ಕೂಡಿಸಿದಳು. ಕಾಕಾ ಎಂದಿನಂತೆ ಸ್ವಲ್ಪ ಪಕ್ಕಕ್ಕೆ ಹೊರಳಿ ಕೂತರು. ಅಲ್ಲಿ ಗೋಡೆ ಇರಲಿಲ್ಲ, ಒಂದು ಲಾರಿ ಇತ್ತು.

ಅಕ್ಕೋರ ಭಾಷಣ ಮೈಕಿನಲ್ಲಿ ಬಂತು. ಬಯ್ಯಬೇಕೆಂದು ಕೂತಿದ್ದವಳು ನಾನು, ಬಯ್ಯಲಾಗಲಿಲ್ಲ. ಪ್ರತಿಯೊಬ್ಬ ಡ್ರೈವರನಿಂದಲೂ ಕಾಕಾನ ಬಗ್ಗೆ ಕೇಳಿ ತಿಳಿದುಕೊಂಡಿದ್ದರು. ಹುಲೆಪ್ಪನ ಗಾಡಿ ಮಳೆಯಲ್ಲಿ ಕೆಟ್ಟು ನಿಂತಾಗ ಕಾಕಾ ಬೇರೆ ಗಾಡಿ ಮುಟ್ಟುವ ತನಕ ಫೋನ್ ಇಡದೇ ಅವನ ಜೊತೆ ಮಾತಾಡುತ್ತಲೇ ಇದ್ದದ್ದು. ಯಾರದೋ ಹೆಂಡತಿ ಹೆರಿಗೆಗೆ ಹೋಗಿದ್ದಾಗ ಅವನಿಗೆ ದೂರದ ಬಾಡಿಗೆ ಹಚ್ಚದೇ ತಿಂಗಳುಗಟ್ಟಲೆ ಹತ್ತಿರದಲ್ಲೇ ಓಡಿಸಿದ್ದು. ಡ್ರೈವರುಗಳು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಕಾಕಾನ ಭುಜ ಮೆಲ್ಲಗೆ ಇತ್ತ ಹೊರಳಿತು. ಇನ್ನೇನು ನಿಟ್ಟುಸಿರು ಬಿಟ್ಟು ಬರುತ್ತೇನೆ ಎನ್ನಬೇಕು, ಅಷ್ಟರಲ್ಲಿ ಅಕ್ಕೋರು ಮುಗಿಸಿದರು.

‘ಅವರ ಮುಂದಿನ ವಿಶ್ರಾಂತ ಜೀವನವು ಸುಖಕರವಾಗಿರಲಿ ಎಂದು ಹಾರೈಸಿ, ಭಾರವಾದ ಹೃದಯದಿಂದ ಬೀಳ್ಕೊಡುತ್ತೇವೆ.’

ಚಪ್ಪಾಳೆ ಬಿತ್ತು. ಸಾವಕಾರ್ರು ಎದ್ದು ಬಂದು ಮುಖ ನೋಡದೇ ಮಾಲೆ ಹಾಕಿ, ಶಾಲು ಹೊದಿಸಿ, ಹೋಗಿ ಕೂತರು. ಕಾಕಾ ಆ ಶಾಲನ್ನೇ ನೋಡುತ್ತಿದ್ದರು. ಆಮೇಲೆ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ಬಗ್ಗಿದರು.

‘ಗಂಗವ್ವಾ, ಇದು ಕರಿಯೂದಲ್ಲೇನ?’

‘ಅಲ್ಲರಿ ಕಾಕಾ’ ಎಂದೆ. ‘ಕಳಸೂದ್ರಿ.’

ಅವರ ಮುಖದ ಬಣ್ಣ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಪ್ರೀತಿ ಮೈಕನ್ನು ಅವರ ಕೈಗೆ ಕೊಟ್ಟು, ‘ಎರಡ ಮಾತ ಹೇಳ್ರಿ ಕಾಕಾ’ ಎಂದಳು.

ಕಾಕಾ ಎದ್ದು ನಿಂತರು. ಮೈಕನ್ನು ಫೋನಿನಂತೆ ಕಿವಿಗೆ ಹಿಡಿದರು, ಹುಲೆಪ್ಪ ಬಂದು ಬಾಯಿಗೆ ತಿರುಗಿಸಿದ. ಹಾಲವ್ವ ಚಿಗವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಾನು ಮನಸ್ಸಿನಲ್ಲೇ ಅನ್ನಿರಿ, ಒಂದು ಸಲ ಅನ್ನಿರಿ ಎಂದು ಬೇಡಿಕೊಳ್ಳುತ್ತಿದ್ದೆ. ಆಮೇಲೆ ಬಂದ ದನಿ ಕೂಗುವ ದನಿಯಾಗಿರಲಿಲ್ಲ. ಅಷ್ಟು ಸಣ್ಣ ದನಿ ಅವರಲ್ಲಿ ಇದೆ ಎಂದೇ ನಮಗೆ ಗೊತ್ತಿರಲಿಲ್ಲ.

‘ನನಗ ಹೋಗಾಕ ಮನಸ್ಸಿಲ್ಲರಿ’ ಎಂದರು. ‘ಕರಿಯಾಕ ಬರ್ತೀರಿ ಅಂತ ಮನ್ಯಾಗ ಕುಂತಿದ್ನಿ. ಯಾರೂ ಬರಲಿಲ್ಲ. ಈಗ ನಾನ ಬಂದೇನಿ. ನನ್ನ ಇಲ್ಲೇ ಇಟ್ಕೋರಿ.’

ಚನಮಲ್ಲಪ್ಪ ಕಾಕಾ ಬೇಡಿದ್ದನ್ನು ಕೇಳಿದ ಮೊದಲ ಜನ ನಾವು. ನನಗೆ ಅಳು ಬಂತು. ಎಲ್ಲರೂ ಸಾವಕಾರ್ರನ್ನು ನೋಡಿದರು. ಸಾವಕಾರ್ರು ಇನ್ನೂ ಟೈರನ್ನೇ ನೋಡುತ್ತಿದ್ದರು.

‘ಮತ್ತ ಚಿರಋಣಿ ಅಂತ ಯಾಕ ಬರದಿ?’ ಎಂದರು.

‘ಹಂಗಂದ್ರ ಏನ್ರಿ?’ ಎಂದರು ಕಾಕಾ.

ಶಶಿಕಾಂತ ಮೊದಲು ನಕ್ಕ. ಆಮೇಲೆ ಡ್ರೈವರುಗಳು ನಕ್ಕರು. ಸಾವಕಾರ್ರು ನಗದೇ ಎದ್ದು ಬಂದು, ತಾವೇ ಹಾಕಿದ ಮಾಲೆಯನ್ನು ತಾವೇ ತೆಗೆದರು. ‘ಅಷ್ಟ ಛಂದ ಕನ್ನಡ ನಿನಗ ಎಲ್ಲಿಂದ ಬರಬೇಕ ಅಂತ ನಾನರ ವಿಚಾರ ಮಾಡಬೇಕಿತ್ತ. ಒಳಗ ನಡಿ. ಫೋನ್ ಹೊಡಕೊಳ್ಳಾಕತ್ತೈತಿ’ ಎಂದರು. ಹಾಗೆನ್ನುವಾಗ ಅವರ ಕೈ ಕಾಕಾನ ಹೆಗಲ ಮೇಲೆಯೇ ಇತ್ತು.

ಮೈಕಿನಲ್ಲಿ ಅಕ್ಕೋರು, ‘ರಾಜೀನಾಮೆಯನ್ನು ಹಿಂಪಡೆಯಲಾಗಿದೆ. ಈಗ ಉಪಾಹಾರ’ ಎಂದರು. ಜನ ಶಿರಾದ ಕಡೆ ಓಡಿದರು.

ನಾನು ಕಾಕಾನಿಗೆ ಒಂದು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಅವರು ತಮ್ಮ ಕುರ್ಚಿಯಲ್ಲಿ ಕೂತು ಆ ಸ್ಪೀಕರನ್ನು ನೋಡುತ್ತಿದ್ದರು. ಸಿಟ್ಟಿನಿಂದಲ್ಲ. ಹೊಸದಾಗಿ ಬಂದ ಸೊಸೆಯನ್ನು ನೋಡುವ ಹಾಗೆ, ಇದು ಎಂಥ ಮನುಷ್ಯ ಎಂದು ತಿಳಿಯಲು ನೋಡುತ್ತಿದ್ದರು.

‘ಅಕ್ಕೋರ’ ಎಂದರು. ‘ನಾ ಹೋಗ್ತೇನಿ ಅಂದಾಗ ನೀವ್ ಒಂದ ಸಲರ ಬ್ಯಾಡ್ರಿ ಅನ್ನಬೇಕಿಲ್ಲೇನ್ರಿ?’

‘ನಾನು ತಮ್ಮನ್ನು ಕೇಳಿದೆ, ಚನಮಲ್ಲಪ್ಪನವರೇ. ತಾವು ಹೋಗುತ್ತೇನೆ ಎಂದಿರಿ. ನಾನು ತಮ್ಮ ಮಾತನ್ನು ನಂಬಿದೆ.’

ಕಾಕಾ ಬೆಚ್ಚಿಬಿದ್ದರು. ಅದು ಬೈಗುಳವಾಗಿರಲಿಲ್ಲ, ಕುಹಕವೂ ಆಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಹೊರಗೆ ಉಪ್ಪಿಟ್ಟಿನ ಗದ್ದಲ ನಡೆದಿತ್ತು. ಕಾಕಾ ನನ್ನ ಕಡೆ ಹೊರಳಿದರು.

‘ಗಂಗವ್ವಾ, ಖರೆ ಹೇಳ. ಇಷ್ಟ ವರ್ಷ ಹೋಗ್ತೇನಿ, ಬಿಡತೇನಿ ಅಂದೆ. ನೀವ್ ಯಾರರ ನಂಬಿದ್ರೇನ?’

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ.

‘ಇಲ್ಲರಿ ಕಾಕಾ. ಒಮ್ಮೆನೂ ನಂಬಿಲ್ಲ. ಯಾರೂ ನಂಬಿಲ್ಲ.’

ಅವರು ತಲೆ ತಗ್ಗಿಸಿದರು. ಕಣ್ಣೀರು ಶಾಲಿನ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ‘ಅದಕ್ಕ ಇನ್ನೂ ಇಲ್ಲೇ ಅದೇನಿ ನೋಡವಾ’ ಎಂದರು.